ಮೂರನೇ ಮಾಲೀಕ

ದಾವಣಗೆರೆಯಲ್ಲಿ ಹಳೇ ಗಾಡಿ ಕೊಡಿಸುವ ದಲ್ಲಾಳಿಗಳು ಗಾಡಿಯನ್ನು ಹೊಗಳುವುದು ಕಡಿಮೆ. ಅವರು ಹೊಗಳುವುದು ಅದರ ಹಿಂದಿನ ಮಾಲೀಕನನ್ನು. "ಡಾಕ್ಟರ್ ಗಾಡಿ ಸರ. ಮನಿಯಿಂದ ಆಸ್ಪತ್ರಿ, ಆಸ್ಪತ್ರಿಯಿಂದ ಮನಿ. ಅಷ್ಟ ಓಡಿರದು." ಬೇರೆ ಊರಿನಲ್ಲಾದರೆ ಇಷ್ಟೊಂದು ಡಾಕ್ಟರುಗಳು ಎಲ್ಲಿಂದ ಬಂದರು ಎಂಬ ಅನುಮಾನ ಬಂದೀತು. ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಿಂದ ಡಾಕ್ಟರುಗಳನ್ನು ತಯಾರಿಸುತ್ತಿರುವ ಊರಿನಲ್ಲಿ, ಸಾಲದ್ದಕ್ಕೆ ಇನ್ನೊಂದು ಮೆಡಿಕಲ್ ಕಾಲೇಜೂ ಬಂದು ಕೂತಿರುವಾಗ, ಈ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ಹಾಗಾದರೆ ಡಾಕ್ಟರು ಕಾರು ಬಿಟ್ಟು ಓಮ್ನಿ ವ್ಯಾನನ್ನೇಕೆ ಕೊಂಡರು, ಹಿಂದಿನ ಸೀಟನ್ನೇಕೆ ಬಿಚ್ಚಿಟ್ಟಿದ್ದರು, ಮ್ಯಾಟಿನ ಸಂದಿಯಲ್ಲಿ ಈರುಳ್ಳಿ ಸಿಪ್ಪೆ ಏಕಿತ್ತು ಎಂದೆಲ್ಲ ಕೇಳುವಷ್ಟು ಒರಟುತನ ನಮ್ಮ ಗುತ್ತೂರಿನವರಿಗಿಲ್ಲ. ನಾವು ಎಂಬತ್ತು ಸಾವಿರ ಎಣಿಸಿ ಕೊಟ್ಟು, ಮೂರನೇ ಮಾಲೀಕರಾಗಿ ಆರ್‌ಸಿಯಲ್ಲಿ ಹೆಸರು ಬರೆಸಿಕೊಂಡು, ನಿಂಬೆಹಣ್ಣು ತುಳಿಸಿ ಮನೆಗೆ ತಂದೆವು.

ಆರ್‌ಸಿಯಲ್ಲಿ ಮಾಲೀಕನ ಕ್ರಮಸಂಖ್ಯೆ ಎಂದು ಒಂದು ಕಾಲಂ ಇರುತ್ತದೆ. ಮೊದಲ ಮಾಲೀಕ ಗಾಡಿಗೆ ಪೂಜೆ ಮಾಡಿಸುತ್ತಾನೆ, ಸೀಟಿನ ಪ್ಲಾಸ್ಟಿಕ್ ಹಾಳೆ ತೆಗೆಯಲೂ ಮನಸ್ಸು ಮಾಡುವುದಿಲ್ಲ. ಎರಡನೆಯವನು ಅದರಿಂದ ದುಡಿಸಿಕೊಳ್ಳುತ್ತಾನೆ. ಮೂರನೆಯವನು ಇವರಿಬ್ಬರ ಪರವಾಗಿ ಮೇಸ್ತ್ರಿಗೆ ದುಡ್ಡು ಕೊಡುತ್ತಾನೆ.

ಈ ವ್ಯಾನಿನ ವಂಶ ಮಾತ್ರ ಸಾಮಾನ್ಯದ್ದಲ್ಲ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅದರ ಬೆನ್ನಿಗೇ 1984ರಲ್ಲಿ ಅದೇ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ ಹೊತ್ತು 'ಮಾರುತಿ ವ್ಯಾನ್' ಬಂತು. 1988ರಲ್ಲಿ ಓಮ್ನಿ ಎಂದು ಹೆಸರಾಯಿತು. 2019ರಲ್ಲಿ ತಯಾರಿಕೆ ನಿಂತಿತು. ಅಷ್ಟು ವರ್ಷ ಶಾಲೆ ಮಕ್ಕಳು, ಹಾಲಿನ ಕ್ಯಾನು, ಪೆಂಡಾಲಿನ ಕುರ್ಚಿ, ಮದುಮಕ್ಕಳು, ಹೆಣ ಎಲ್ಲವನ್ನೂ ಹೊತ್ತ ಗಾಡಿ ಇನ್ನೊಂದಿಲ್ಲ. ಸಿನಿಮಾದವರು ಮಾತ್ರ ಇದನ್ನು ನಾಯಕಿಯನ್ನು ಎತ್ತಿ ಹಾಕಿಕೊಂಡು ಹೋಗುವ ಕೆಲಸಕ್ಕೇ ಮೀಸಲಿಟ್ಟುಬಿಟ್ಟರು. ಪಕ್ಕಕ್ಕೆ ಜಾರುವ ಬಾಗಿಲು, ಸರ್ರನೆ ಎಳೆ, ಒಳಗೆ ತಳ್ಳು, ಸರ್ರನೆ ಮುಚ್ಚು. ನಮ್ಮ ವ್ಯಾನಿನಲ್ಲಿ ಆ ದೃಶ್ಯ ತೆಗೆಯಲು ಆಗುತ್ತಿರಲಿಲ್ಲ. ಬಾಗಿಲು ಮುಚ್ಚುವುದಕ್ಕೇ ಒಳಗೊಬ್ಬ ಹೊರಗೊಬ್ಬ ಬೇಕು. ಮುಚ್ಚಿದ ಮೇಲೂ ಗಾಡಿ ಹೊರಡಬೇಕೆಂದರೆ ಅಪಹರಣಕ್ಕೊಳಗಾದವರೇ ಇಳಿದು ನಾಲ್ಕು ಮಾರು ತಳ್ಳಬೇಕು.

ಬಾಗಿಲಿನ ವಿಷಯಕ್ಕೆ ಬಂದೆ. ನಮ್ಮ ಗಾಡಿಯ ಎಡಬಾಗಿಲು ಬೆಳ್ಳಗಿದೆ, ಬಲಬಾಗಿಲೂ ಬೆಳ್ಳಗಿದೆ, ಆದರೆ ಎರಡೂ ಒಂದೇ ಬಿಳಿಯಲ್ಲ. ಗುಜರಿಯಿಂದ ತಂದು ಕೂರಿಸಿದ್ದೆಂದು ಟಿಂಕರಿಂಗ್‌ನವನು ನೋಡಿದೊಡನೆ ಹೇಳಿದ. ನಾನು ಬೇಸರ ಮಾಡಿಕೊಳ್ಳಲಿಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇವಸ್ಥಾನದಲ್ಲಿ ಬಲಭಾಗ ಹರ, ಎಡಭಾಗ ಹರಿಯಾಗಿ ಒಂದೇ ಮೂರ್ತಿ ನಿಂತಿರುವ ಹರಿಹರದ ಮಗ್ಗುಲಲ್ಲೇ ನಾವಿರುವುದು. ಅರ್ಧ ಒಂದರದು, ಅರ್ಧ ಇನ್ನೊಂದರದು ಎಂಬುದು ನಮ್ಮ ಕಡೆ ದೋಷವಲ್ಲ.

ಎಂಜಿನ್ ಎಲ್ಲಿದೆ ಎಂಬುದು ಓಮ್ನಿಯಲ್ಲಿ ಬಹಳ ಮುಖ್ಯ. ಉಳಿದ ಗಾಡಿಗಳಲ್ಲಿ ಬಾನೆಟ್ ಎತ್ತಿ ನೋಡಬಹುದು. ಇಲ್ಲಿ ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಆ ಸೀಟಿನಲ್ಲಿ ನಮ್ಮ ಮನೆಯ ಸಂಪ್ರದಾಯದಂತೆ ಹಿರಿಯರು ಕೂರುತ್ತಾರೆ. ಹಾಗಾಗಿ ನಮ್ಮತ್ತೆಯನ್ನು ಇಳಿಸದೆ ಎಂಜಿನ್ ಮುಟ್ಟುವಂತಿಲ್ಲ. ಏಪ್ರಿಲ್ ತಿಂಗಳ ದಾವಣಗೆರೆ ಬಿಸಿಲಿನಲ್ಲಿ ರೇಡಿಯೇಟರ್ ನೀರು ಕಡಿಮೆಯಾದರೆ ಅದನ್ನು ಮೀಟರಿನ ಮುಳ್ಳಿಗಿಂತ ಮೊದಲು ತಿಳಿಯುವವರು ಅವರೇ. "ಯಾಕೋ ಕೆಳಗ ಸುಡಾಕತ್ತೈತಿ ನೋಡಪ್ಪ" ಎಂದರೆಂದರೆ ಗಾಡಿ ನಿಲ್ಲಿಸಲೇಬೇಕು. ಒಮ್ಮೆ ನಿರ್ಲಕ್ಷ್ಯ ಮಾಡಿದ ನನ್ನ ಭಾಮೈದ ಹೆಡ್ ಗ್ಯಾಸ್ಕೆಟ್ ಸುಟ್ಟುಕೊಂಡು ಬಂದ. ಹೆಡ್ ಬಿಚ್ಚಿ, ಲೇತಿಗೆ ಕಳಿಸಿ, ಮಟ್ಟ ತೆಗೆಸಿ, ಮತ್ತೆ ಕೂರಿಸುವ ಹೊತ್ತಿಗೆ ಗಾಡಿಯ ಬೆಲೆಯ ಒಂದು ಮುಖ್ಯ ಭಾಗ ಮತ್ತೊಮ್ಮೆ ಖರ್ಚಾಗಿತ್ತು. ಇದನ್ನು ಕಂಪನಿಯ ತಲೆಗೆ ಕಟ್ಟಲಾರೆ. ಇಪ್ಪತ್ತರ ಹತ್ತಿರ ಬಂದ ಯಂತ್ರ ಅದು. ಅತ್ತೆ ಹೇಳಿದ್ದನ್ನು ಕೇಳದವನು ಭಾಮೈದ.

ಲೇತ್ ಎಂದೆನಲ್ಲ, ಈ ಪ್ರಬಂಧದಲ್ಲಿ ನಿಜವಾಗಿ ಹೇಳಬೇಕಾದದ್ದು ಅಲ್ಲಿದೆ. ಬೆಂಗಳೂರಿನಲ್ಲಿರುವ ನನ್ನ ಗೆಳೆಯನೊಬ್ಬನ ಬಳಿ ಇದೇ ವಯಸ್ಸಿನ ವ್ಯಾನಿತ್ತು. ಒಂದು ದಿನ ಅದರ ಯಾವುದೋ ಬುಷ್ ಹೋಯಿತು. ಮೆಕ್ಯಾನಿಕ್ ನೋಡಿ, "ಪಾರ್ಟ್ ಬರ್ತಿಲ್ಲ ಸಾರ್, ಸ್ಕ್ರ್ಯಾಪಿಗೆ ಹಾಕಿ" ಎಂದ. ಗೆಳೆಯ ಕಣ್ಣೀರು ಹಾಕಿದಂತೆ ಮಾಡಿ, ಮಾರಿ, ಮಾರನೆಯ ವಾರದಿಂದ ಆಟೋದಲ್ಲಿ ಓಡಾಡಿಕೊಂಡು ಸುಖವಾಗಿದ್ದಾನೆ. ನಮಗೆ ಆ ಭಾಗ್ಯವಿಲ್ಲ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುತ್ತಿದ್ದದ್ದೇ ಲೇತ್ ಯಂತ್ರಗಳು, ಅಂದರೆ ಬೇರೆ ಯಂತ್ರಗಳನ್ನು ಹುಟ್ಟಿಸುವ ಯಂತ್ರಗಳು. ಎರಡು ತಲೆಮಾರಿನ ಫಿಟ್ಟರುಗಳು, ಟರ್ನರುಗಳು ಅಲ್ಲಿ ಕೈ ಪಳಗಿಸಿಕೊಂಡರು. ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಕೈಗಳಿಗೆ ಬಾಗಿಲು ಹಾಕಲು ಬರುವುದಿಲ್ಲವಲ್ಲ, ಅವು ಹರಿಹರದ ಓಣಿಗಳಲ್ಲಿ, ಶೀಟು ಹೊದಿಸಿದ ಸಣ್ಣ ಸಣ್ಣ ವರ್ಕ್‌ಶಾಪುಗಳಲ್ಲಿ ಕೆಲಸ ಮುಂದುವರಿಸಿದವು.

ಅಂಥ ಒಂದು ಶೆಡ್ಡಿನಲ್ಲಿ, ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡ ಹಿರಿಯ ಟರ್ನರ್ ಒಬ್ಬರಿಗೆ ನಮ್ಮ ಮೇಸ್ತ್ರಿ ಸವೆದ ಬುಷ್ ತೋರಿಸಿದ. ಅಂಗಡಿಯಲ್ಲಿ ಸಿಗುತ್ತಿಲ್ಲ ಎಂದು ನಾನು ಸ್ವಲ್ಪ ಆಸೆಯಿಂದಲೇ ಹೇಳಿದೆ. ಅವರು ಅದನ್ನು ಬೆರಳಲ್ಲಿ ತಿರುಗಿಸಿ, ವರ್ನಿಯರ್ ಹಿಡಿದು ಅಳೆದು, "ಸಿಗಲಿಲ್ಲ ಅಂದ್ರ ಏನಾತ್ರಿ, ಮಾಡಿಕೊಡ್ತೀವಿ" ಎಂದರು. ಸಂಜೆಯೊಳಗೆ ಹಿತ್ತಾಳೆಯ ಹೊಸ ಬುಷ್ ತಯಾರಾಯಿತು. ಮೂಲದ್ದಕ್ಕಿಂತ ಚೆನ್ನಾಗಿತ್ತು. ನನ್ನ ಪಾಲಿಗೆ ಅಷ್ಟು ದುಬಾರಿಯ ಮಾತನ್ನು ಯಾರೂ ಆಡಿಲ್ಲ. ರಿಪೇರಿ ಮಾಡಲಾಗದ ಗಾಡಿ ಒಂದೇ ಸಲ ಅಳಿಸುತ್ತದೆ. ಹರಿಹರದಲ್ಲಿ ಯಾವ ಗಾಡಿಗೂ ಸಾಯಲು ರಜೆ ಸಿಗುವುದಿಲ್ಲ, ಆದ್ದರಿಂದ ಖರ್ಚಿಗೂ ರಜೆಯಿಲ್ಲ.

ಮೇಸ್ತ್ರಿಯ ಚೀಟಿಯ ಬಗ್ಗೆಯೂ ಹೇಳಬೇಕು. ಗ್ರೀಸ್ ಬೆರಳಿನ ಗುರುತಿರುವ ಆ ಚೀಟಿಯಲ್ಲಿ ಪ್ರತಿ ಸಾಮಾನಿಗೂ ಮೂರು ಬೆಲೆ: ಕಂಪನಿದು, ಲೋಕಲ್‌ದು, ಗುಜರಿದು. ಕ್ಲಚ್ ಸೆಟ್ಟು ಕಂಪನಿದಾದರೆ ಮೂರು ಸಾವಿರದ ಆಸುಪಾಸು, ಲೋಕಲ್ ಆದರೆ ಅದರಲ್ಲಿ ಅರ್ಧ. ಗುಜರಿಯದಕ್ಕೆ ಮೇಸ್ತ್ರಿ ಬೆಲೆ ಹೇಳುವುದಿಲ್ಲ, ಮುಖ ನೋಡುತ್ತಾನೆ. ನಾವು ಮಧ್ಯಮ ವರ್ಗದವರು ಯಾವಾಗಲೂ ಲೋಕಲ್ ಆರಿಸುತ್ತೇವೆ. ಕಂಪನಿಯದಕ್ಕೆ ಗಾಡಿಯ ಯೋಗ್ಯತೆ ಸಾಲದು, ಗುಜರಿಯದಕ್ಕೆ ನಮ್ಮ ಮರ್ಯಾದೆ ಒಪ್ಪದು. ಲೋಕಲ್ ಕ್ಲಚ್ ಸರಿಯಾಗಿ ಮುಂದಿನ ಜಾತ್ರೆಯವರೆಗೆ ಬರುತ್ತದೆ. ಇವೆಲ್ಲದರ ಕೆಳಗೆ 'ಎಮರಿ ಪೇಪರ್, ವೇಸ್ಟ್, ತೊಳೆಯಲು ಪೆಟ್ರೋಲ್, ಟೀ' ಎಂದು ಒಂದು ಸಾಲಿರುತ್ತದೆ. ಆ ಟೀಯನ್ನು ಕುಡಿದವರು ಯಾರೆಂದು ನಾನು ಕೇಳಿದ್ದಿಲ್ಲ. ಅದರಲ್ಲಿ ಒಂದು ಲೋಟ ನನ್ನದೂ ಇರುತ್ತದೆ. ಗ್ಯಾರೇಜಿನಲ್ಲಿ ಸ್ಟೂಲ್ ಮೇಲೆ ಕೂತ ಹೊತ್ತಿನಲ್ಲೇ ನಾನು ಈ ತಾಲ್ಲೂಕಿನ ರಾಜಕೀಯವನ್ನೆಲ್ಲ ಕಲಿತದ್ದು.

ನನ್ನ ಹೆಂಡತಿ ಮನೆಯ ಲೆಕ್ಕದ ಪುಸ್ತಕದಲ್ಲಿ ಈ ಚೀಟಿಗಳನ್ನು 'ಆಸ್ಪತ್ರೆ ಖರ್ಚು' ಎಂಬ ತಲೆಬರಹದ ಕೆಳಗೆ ಬರೆಯುತ್ತಾಳೆ. ಡಾಕ್ಟರ್ ಗಾಡಿ ಎಂದೇ ಕೊಂಡದ್ದು, ಹಾಗಾಗಿ ಅದು ತಪ್ಪಲ್ಲವಂತೆ. "ಹಿಂಗ ಕೊಟ್ಟಿದ್ದನ್ನ ಕೂಡಿಸಿದ್ರ ಹೊಸಾದೊಂದು ಬರ್ತಿತ್ತು ನೋಡ್ರಿ" ಎಂದೂ ಹೇಳುತ್ತಾಳೆ. ಹೊಸ ಗಾಡಿಯ ಸಾಲದ ಕಂತು ಕಟ್ಟುವವರೂ ತಿಂಗಳಿಗೆ ದುಡ್ಡು ಕೊಡುತ್ತಾರೆ ಎಂಬುದು ನನ್ನ ಉತ್ತರ. ಅವರಿಗೆ ಇಂಥ ತಾರೀಕು ಎಂದು ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಈ ವಾದ ಅವಳ ಮುಂದೆ ಒಮ್ಮೆಯೂ ಗೆದ್ದಿಲ್ಲ.

ಗಾಡಿಯ ಖರ್ಚು ನನ್ನದು, ಗಾಡಿ ಮಾತ್ರ ಊರಿನದು. ಅಮಾವಾಸ್ಯೆ ಬಂತೆಂದರೆ ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಹೋಗುವವರು ಹಿಂದಿನ ರಾತ್ರಿಯೇ ಬಾಗಿಲಲ್ಲಿ ನಿಲ್ಲುತ್ತಾರೆ. "ಕಾಕಾ, ಪೆಟ್ರೋಲ್ ನಾವ ಹಾಕಿಸ್ತೀವಿ." ಎಲ್ಲರೂ ಪೆಟ್ರೋಲ್ ಹಾಕಿಸುತ್ತಾರೆ. ಅಷ್ಟು ಧಾರಾಳಿಗಳು. ಆದರೆ ಟೈರು ಸವೆಯುವುದು, ಬ್ರೇಕ್ ಶೂ ಕರಗುವುದು, ಸೈಲೆನ್ಸರ್ ಕಳಚುವುದು ಇವೆಲ್ಲ ಅವರ ಪಾಲಿಗೆ ನಿಸರ್ಗದ ವ್ಯಾಪಾರ. ಹೆರಿಗೆ ನೋವು ಅಂದರೂ ಇದೇ ಗಾಡಿ, ಹೆಣ್ಣು ನೋಡಲು ಹೊರಟರೂ ಇದೇ ಗಾಡಿ. ಹೆಣ್ಣು ನೋಡಲು ಹೋದವರು ವಾಪಸು ಬರುವಾಗ ಗಾಡಿ ಸ್ಟಾರ್ಟ್ ಆಗದೆ, ಹೆಣ್ಣಿನ ಅಣ್ಣತಮ್ಮಂದಿರೇ ತಳ್ಳಿ ಕಳಿಸಿಕೊಟ್ಟರು. ಮದುವೆಯಾಯಿತು. ಒಂದೇ ನೂಕಿಗೆ ಹೊರಟ ಗಾಡಿ ಶುಭಶಕುನವೆಂದು ಆ ಮನೆಯವರು ಈಗಲೂ ಹೇಳುತ್ತಾರೆ.

ತಳ್ಳುವ ಪ್ರಸಂಗಗಳಿಗೆಲ್ಲ ಬ್ಯಾಟರಿ ಕಾರಣ, ಅಥವಾ ಸೆಲ್ಫ್, ಅಥವಾ ಡೈನಮೋ. ಒಂದನ್ನು ಸರಿಮಾಡಿದರೆ ಮತ್ತೊಂದು ಸರದಿ ಕೇಳುತ್ತದೆ. ನಮ್ಮ ಗುತ್ತೂರಿನ ಹೆಸರಿನಲ್ಲಿ 400 ಕೆ.ವಿ.ಯ ದೊಡ್ಡ ವಿದ್ಯುತ್ ಕೇಂದ್ರವಿದೆ. ರಾಜ್ಯದ ಎಷ್ಟೋ ಕಡೆಗೆ ಅದರ ಮೂಲಕ ಕರೆಂಟ್ ಹರಿಯುತ್ತದೆ. ನನಗೆ ಬೇಕಿರುವುದು ಬರೀ 12 ವೋಲ್ಟ್. ದಾವಣಗೆರೆಯ ಅಶೋಕ ಟಾಕೀಸ್ ಬಳಿಯ ರೈಲ್ವೆ ಗೇಟಿನಲ್ಲಿ ಅದು ಸಿಗಲಿಲ್ಲ. ದಾವಣಗೆರೆಯವರ ತಾಳ್ಮೆಯನ್ನು ದಶಕಗಟ್ಟಲೆ ಅಳೆದು ನೋಡಿದ ಗೇಟು ಅದು. ಗೇಟು ಬಿದ್ದಿತ್ತು, ಪೆಟ್ರೋಲ್ ಉಳಿಸೋಣವೆಂದು ಎಂಜಿನ್ ಆಫ್ ಮಾಡಿದೆ. ರೈಲು ಹೋಯಿತು, ಗೇಟು ಎದ್ದಿತು, ವ್ಯಾನು ಏಳಲಿಲ್ಲ. ಹಿಂದೆ ಲಗೇಜ್ ಆಟೋ, ಅದರ ಹಿಂದೆ ಮೆಕ್ಕೆಜೋಳದ ಲಾರಿ, ನಡುವೆ ಬೈಕುಗಳು, ಎಲ್ಲರ ಹಾರನ್ನೂ ಚೆನ್ನಾಗಿ ಕೆಲಸ ಮಾಡುತ್ತಿದ್ದವು. ನಾನು ಅತ್ತೆಯನ್ನು ಇಳಿಸಿ ಸೀಟು ಎತ್ತುವಷ್ಟರಲ್ಲಿ ನಾಲ್ಕು ಜನ ಹುಡುಗರು, ಮಂಡಕ್ಕಿ ಪೊಟ್ಟಣವನ್ನು ಬಾಯಲ್ಲಿ ಕಚ್ಚಿಕೊಂಡೇ, ಗಾಡಿಯನ್ನು ಹಳಿ ದಾಟಿಸಿಬಿಟ್ಟರು. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ, ಎಂಜಿನ್ ಹತ್ತಿತು. ನಿಲ್ಲಿಸಿದರೆ ಮತ್ತೆ ಆರುತ್ತದೆಂಬ ಭಯಕ್ಕೆ ಗಾಂಧಿ ಸರ್ಕಲ್‌ವರೆಗೂ ನಿಲ್ಲಿಸಲಿಲ್ಲ. ಅತ್ತೆ ಹಿಂದೆ ಆಟೋದಲ್ಲಿ ಬಂದರು. ಅವರು ಆಮೇಲೆ ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಹಳೇ ವ್ಯಾನ್ ನೋಡಲು ಹೋಗುವವರಿಗೆ ಒಂದು ಕಿವಿಮಾತು. ಬೆಳಗಿನ ಜಾವ, ಹೇಳದೇ ಹೋಗಿ. ಫೋನ್ ಮಾಡಿ ಹೋದರೆ ದಲ್ಲಾಳಿ ಅರ್ಧ ಗಂಟೆ ಮೊದಲೇ ಎಂಜಿನ್ ಬಿಸಿ ಮಾಡಿ ಇಟ್ಟಿರುತ್ತಾನೆ. ಬಿಸಿ ಎಂಜಿನ್ ಯಾರ ಕೈಗಾದರೂ ಹತ್ತುತ್ತದೆ. ರೋಗವೆಲ್ಲ ತಣ್ಣಗಿರುವಾಗಲೇ ಕಾಣುವುದು: ಮೊದಲ ಹೊಗೆ ನೀಲಿಯೋ ಬಿಳಿಯೋ, ಟ್ಯಾಪೆಟ್ ಸದ್ದು ಎಷ್ಟು ಹೊತ್ತಿಗೆ ಇಳಿಯುತ್ತದೆ, ಸೆಲ್ಫ್ ಎಷ್ಟನೇ ಸಲಕ್ಕೆ ಹಿಡಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಕುಡಿಯುತ್ತಿದೆ ಎಂದರ್ಥ, ಹಾಫ್ ಎಂಜಿನ್ ಕೆಲಸ ಇದೆ. ಮ್ಯಾಟ್ ಎತ್ತಿ ನೆಲ ತಟ್ಟಿ ನೋಡಿ. ತುಕ್ಕು ಹಿಡಿದಿದ್ದರೆ ಕಾಲ ಕೆಳಗೆ ರಸ್ತೆ ಕಾಣುತ್ತದೆ. ಅಡುಗೆ ಸಿಲಿಂಡರಿನ ಗ್ಯಾಸಿಗೆ ಓಡಿಸಿದ ಗಾಡಿಯೇನಾದರೂ ಆಗಿದ್ದರೆ ಕೊಟ್ಟರೂ ಬೇಡ. ಅದು ಖರ್ಚಿನ ಮಾತಲ್ಲ, ಜೀವದ ಮಾತು.

ಕಾಗದಪತ್ರ ಇನ್ನೊಂದು ಎಂಜಿನ್. ಸ್ವಂತ ಬಳಕೆಯ ಗಾಡಿಯ ನೋಂದಣಿಗೆ ಆಯುಷ್ಯ 15 ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನಮ್ಮದು 2006ರ ಮಾಡೆಲ್. ಹಿಂದಿನ ಮಾಲೀಕ 2021ರಲ್ಲಿ 600 ರೂಪಾಯಿ ಶುಲ್ಕದಲ್ಲಿ ಪಾರಾದ. 2022ರ ಏಪ್ರಿಲ್ 1ರಿಂದ ಅದೇ ಶುಲ್ಕ 5,000 ಆಯಿತು. 2025ರ ಆಗಸ್ಟಿನಲ್ಲಿ ಇನ್ನೊಂದು ಆದೇಶ ಬಂದು, ಇಪ್ಪತ್ತು ವರ್ಷ ದಾಟಿದ ಇಂಥ ಗಾಡಿಗೆ 10,000 ಎಂದಾಯಿತು. ಹಸಿರು ತೆರಿಗೆ, ಇನ್ಶೂರೆನ್ಸ್, ಹೊಗೆ ತಪಾಸಣೆ ಬೇರೆ. ಹೊಗೆ ತಪಾಸಣೆಯ ದಿನ ಮೇಸ್ತ್ರಿಯೇ ಪಕ್ಕದಲ್ಲಿ ಕೂತು ಬರುತ್ತಾನೆ, ಮಗುವನ್ನು ಪರೀಕ್ಷೆಗೆ ಬಿಡಲು ಬರುವ ಅಪ್ಪನಿಗಿಂತ ಹೆಚ್ಚು ಬೆವರುತ್ತಾನೆ.

ಮೊನ್ನೆ ಈ ಹತ್ತು ಸಾವಿರದ ವಿಷಯ ಟರ್ನರ್ ಹಿರಿಯರಿಗೆ ಹೇಳಿದೆ. ಅವರು ಕನ್ನಡಕದ ದಾರ ಸರಿಮಾಡಿಕೊಂಡು, "ಅದೊಂದು ನಮ್ಮ ಲೇತಿನಾಗ ಆಗಂಗಿಲ್ರಿ" ಎಂದರು. ಅವರ ಬಾಯಲ್ಲಿ ಆಗುವುದಿಲ್ಲ ಎಂಬ ಮಾತು ಬಂದದ್ದು ಅದೇ ಮೊದಲು. ಅಂದೇ ಮನೆಯಲ್ಲಿ ತೀರ್ಮಾನವಾಯಿತು.

ಆದ್ದರಿಂದ ಓದುಗರಲ್ಲಿ ಅರಿಕೆ: 2006ರ ಮಾಡೆಲ್ ಬಿಳಿ ಓಮ್ನಿ ಮಾರಾಟಕ್ಕಿದೆ. ಕ್ಲಚ್ ಹೊಸದು, ಹೆಡ್ ಕೆಲಸ ಆಗಿದೆ, ಬುಷ್ ಶುದ್ಧ ಹಿತ್ತಾಳೆ. ಬೆಲೆ ಕೂತು ಮಾತಾಡೋಣ. ಗುತ್ತೂರಿಗೆ ಯಾವ ದಿನ ಬಂದರೂ ಸರಿ, ಒಂದು ಫೋನ್ ಮಾಡಿ, ಮಧ್ಯಾಹ್ನದ ಮೇಲೆ ಬನ್ನಿ.