ಕೋಚ್ ಬದಲಾದರು, ಸ್ಕೋರು ಬದಲಾಗಲಿಲ್ಲ

ಹನ್ನೆರಡು ತಂಡಗಳ ಲೀಗಿನಲ್ಲಿ ಕಟ್ಟಕಡೆಯವರಾಗಿ ಬರುವುದಕ್ಕೂ ಒಂದು ಗತ್ತು ಇದೆ. ಅಂಥ ತಂಡವನ್ನು ಕಂಡರೆ ಜನ ಅಯ್ಯೋ ಪಾಪ ಎನ್ನುತ್ತಾರೆ, ಪತ್ರಿಕೆಯವರು ಕಾರಣ ಹುಡುಕುತ್ತಾರೆ. 2023-24ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಆ ಗೌರವ ಹೈದರಾಬಾದಿಗೆ ಸಂದಿತು. ನಮ್ಮ ಬೆಂಗಳೂರು ಎಫ್‌ಸಿ ಬಂದು ಕೂತದ್ದು ಹತ್ತನೇ ಸ್ಥಾನದಲ್ಲಿ. 22 ಪಂದ್ಯ, 22 ಅಂಕ. ಗೆದ್ದದ್ದು 5, ಸೋತದ್ದು 10, ಉಳಿದದ್ದು ಡ್ರಾ. ಆಟ ಹೇಗಾದರೂ ಇರಲಿ, ಲೆಕ್ಕ ಮಾತ್ರ ಚೊಕ್ಕ.

ಹತ್ತನೇ ಸ್ಥಾನದ ಸಂಕಟವೇ ಬೇರೆ. ಇಂಗ್ಲೆಂಡಿನಲ್ಲಾದರೆ ಪ್ರೀಮಿಯರ್ ಲೀಗ್‌ನ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಬೀಳುತ್ತವೆ. ಅಲ್ಲಿನ ಅಭಿಮಾನಿ ಉಗುರು ಕಚ್ಚುತ್ತಾನೆ, ಹರಕೆ ಹೊರುತ್ತಾನೆ, ಕೊನೆಯ ಪಂದ್ಯದ ದಿನ ಬೇರೆ ಊರಿನ ಸ್ಕೋರಿಗಾಗಿ ಕಿವಿಗೆ ಫೋನ್ ಒತ್ತಿಕೊಂಡು ನಿಲ್ಲುತ್ತಾನೆ. ನಮ್ಮ ಲೀಗಿನಲ್ಲಿ ಆ ವರ್ಷ ಹಿಂಬಡ್ತಿ ಎಂಬುದೇ ಇರಲಿಲ್ಲ. ಮೇಲಿನ ಆರು ತಂಡ ಪ್ಲೇಆಫ್‌ಗೆ, ಉಳಿದ ಆರು ತಂಡ ಮನೆಗೆ. ಏಳನೆಯವರಿಗೂ ಹನ್ನೆರಡನೆಯವರಿಗೂ ಒಂದೇ ಶಿಕ್ಷೆ, ಬೇಸಿಗೆ ರಜೆ. ಅಳುವುದಕ್ಕಾದರೂ ಒಂದು ನೆಪ ಬೇಡವೆ?

ಸೋಲನ್ನು ನುಂಗುವ ವಿದ್ಯೆ ಈ ಊರಿಗೆ ಗೊತ್ತಿಲ್ಲವೆಂದಲ್ಲ. ಕಂಠೀರವ ಕ್ರೀಡಾಂಗಣದಿಂದ ಕಸ್ತೂರಬಾ ರಸ್ತೆ ಹಿಡಿದು ನಡೆದರೆ ಸಿಗುವ ಚಿನ್ನಸ್ವಾಮಿಯಲ್ಲಿ ಆ ವಿದ್ಯೆಯನ್ನು ವರ್ಷಗಟ್ಟಲೆ ಕಲಿಸಿದ್ದಾರೆ. ಆದರೆ ಫುಟ್‌ಬಾಲಿನ ನಾವು ಆ ಶಾಲೆಗೆ ಹೋದವರಲ್ಲ. ನಮ್ಮದು ಹುಟ್ಟುತ್ತಲೇ ಬಾಯಿಗೆ ಕಪ್ಪು ಬಿದ್ದ ತಂಡ. 2013ರಲ್ಲಿ ಕ್ಲಬ್ ಶುರುವಾಯಿತು, ಮೊದಲ ವರ್ಷವೇ ಆಶ್ಲಿ ವೆಸ್ಟ್‌ವುಡ್ ಐ-ಲೀಗ್ ಗೆಲ್ಲಿಸಿಕೊಟ್ಟರು. ಒಂದು ವರ್ಷ ಬಿಟ್ಟು ಮತ್ತೆ ಗೆಲ್ಲಿಸಿದರು. 2016ರಲ್ಲಿ ಆಲ್ಬರ್ಟ್ ರೋಕಾ ನಮ್ಮನ್ನು ದೋಹಾಕ್ಕೆ, ಎಎಫ್‌ಸಿ ಕಪ್ ಫೈನಲ್‌ಗೆ ಕರೆದುಕೊಂಡು ಹೋದರು. ಅದುವರೆಗೆ ಯಾವ ಭಾರತೀಯ ಕ್ಲಬ್ಬೂ ಆ ಫೈನಲ್ ಕಂಡಿರಲಿಲ್ಲ. 2018-19ರಲ್ಲಿ ಕಾರ್ಲೆಸ್ ಕ್ವಾದ್ರಾತ್ ಸೂಪರ್ ಲೀಗನ್ನೂ ತಂದರು. ಕೋಲ್ಕತ್ತದವನಿಗೆ ಸೋಲು ಅಜ್ಜನ ಕಾಲದ ಆಸ್ತಿ, ಹೇಗೆ ಅನುಭವಿಸಬೇಕೆಂದು ಗೊತ್ತು. ನಮ್ಮನ್ನು ಮುದ್ದು ಮಾಡಿ ಕೆಡಿಸಿ, ಆಮೇಲೆ ಹತ್ತನೇ ಸ್ಥಾನ ತೋರಿಸಿದರೆ ಹೇಗೆ?

ಆ ಸೀಸನ್ ಶುರುವಾದದ್ದೇ ಕೊಚ್ಚಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಎದುರು. ಹಳೆಯ ಬಾಕಿಯಿತ್ತು. ಹಿಂದಿನ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದ ಪ್ಲೇಆಫ್‌ನ ಹೆಚ್ಚುವರಿ ಅವಧಿಯಲ್ಲಿ, ಅವರು ಗೋಡೆ ಕಟ್ಟಿಕೊಳ್ಳುವ ಮೊದಲೇ ಸುನಿಲ್ ಛೆಟ್ರಿ ಫ್ರೀ ಕಿಕ್ಕನ್ನು ಗೋಲಿಗಿಳಿಸಿದ್ದರು. ಅದು ಅನ್ಯಾಯವೆಂದು ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಹೊರನಡೆದಿದ್ದರು. ಇಡೀ ಊರು ವಾರಗಟ್ಟಲೆ ಆ ಫ್ರೀ ಕಿಕ್ಕಿನ ನ್ಯಾಯಾನ್ಯಾಯದಲ್ಲಿ ಮುಳುಗಿತ್ತು. ಮರುದಿನವೇ, ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತೆಂಬುದು ಎಷ್ಟು ಜನರ ಕಿವಿಗೆ ಬಿತ್ತೋ ದೇವರೇ ಬಲ್ಲ. ಗೆದ್ದದ್ದನ್ನು ಮರೆತು ಜಗಳವನ್ನು ಜೋಪಾನ ಮಾಡುವುದರಲ್ಲಿ ನಾವು ಬೆಂಗಳೂರಿನವರು ಸಮರ್ಥರು.

ಇರಲಿ. ಕೊಚ್ಚಿಯಲ್ಲಿ 2-1ರಿಂದ ಸೋತೆವು. ಅವರ ಮೊದಲ ಗೋಲನ್ನು ನಮ್ಮ ಆಟಗಾರರೊಬ್ಬರೇ ಹೊಡೆದುಕೊಟ್ಟರು. ಎರಡನೆಯದು ನಮ್ಮ ಗೋಲಿಯ ಕಾಲಿಗೆ ಸಿಗದ ಬ್ಯಾಕ್‌ಪಾಸಿನಿಂದ ಬಂತು. ಹೀಗೆ ಮೂರು ಗೋಲಿಗೂ ನಾವೇ ದುಡಿದು ಪಂದ್ಯ ಸೋತೆವು. ಅತಿಥಿಯಾಗಿ ಹೋದವರು ಆತಿಥ್ಯವನ್ನೂ ತಾವೇ ವಹಿಸಿಕೊಳ್ಳುವುದು ಸ್ವಲ್ಪ ಹೆಚ್ಚಾಯಿತು.

ಆಗ ಕೋಚ್ ಆಗಿದ್ದವರು ಸೈಮನ್ ಗ್ರೇಸನ್. ಸಾಮಾನ್ಯರಲ್ಲ. 2010ರಲ್ಲಿ ಮೂರನೇ ದರ್ಜೆಯ ಲೀಡ್ಸ್ ತಂಡವನ್ನು ಕರೆದೊಯ್ದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಅವರ ಓಲ್ಡ್ ಟ್ರ್ಯಾಫರ್ಡ್ ಅಂಗಳದಲ್ಲೇ ಎಫ್‌ಎ ಕಪ್‌ನಿಂದ ಹೊರಹಾಕಿದವರು. ನಮ್ಮಲ್ಲಿಗೆ ಬಂದ ಮೊದಲ ವರ್ಷವೇ ಡುರಾಂಡ್ ಕಪ್ ಗೆಲ್ಲಿಸಿದರು. ಲೀಗಿನಲ್ಲಿ ಕೆಳಗೆ ಕುಸಿದಿದ್ದ ತಂಡವನ್ನು ಸತತ ಎಂಟು ಗೆಲುವುಗಳ ಮೇಲೆ ಕೂರಿಸಿ ಫೈನಲ್‌ವರೆಗೆ ತಂದರು. ಆ ಎಂಟು ಗೆಲುವಿನ ಕಾಲದಲ್ಲಿ ಅವರು ನಮಗೆ ದೇವರು. ಎರಡನೇ ವರ್ಷದ ಡಿಸೆಂಬರಿನಲ್ಲಿ ಮುಂಬೈ ಸಿಟಿ ಕಂಠೀರವಕ್ಕೆ ಬಂದು 4-0 ಹೊಡೆದು ಹೋದ ರಾತ್ರಿ ದೇವರ ಪದವಿ ಖಾಲಿಯಾಯಿತು. ಮರುದಿನ ಕ್ಲಬ್ಬೂ ಅವರಿಗೆ ವಿದಾಯ ಹೇಳಿತು.

ಅದೇ ತಿಂಗಳು ಸ್ಪೇನಿನ ಜೆರಾರ್ಡ್ ಸರಗೋಸಾ ಬಂದರು. ಪೂರ್ತಿ ಹೊಸಬರೇನಲ್ಲ, ಕ್ವಾದ್ರಾತ್ ಕಪ್ ಗೆದ್ದಾಗ ಅವರ ಸಹಾಯಕರಾಗಿದ್ದವರು. ಇಷ್ಟು ಸಾಕಾಯಿತು ನಮಗೆ. ಬೆಂಗಳೂರಿನ ಅಭಿಮಾನಿಗೆ ಸ್ಪೇನ್ ಎಂದರೆ ಒಂದು ತೂಕ ಹೆಚ್ಚೇ. ಚೆಂಡು ನೆಲ ಬಿಟ್ಟು ಏಳುವುದಿಲ್ಲ, ಪಾಸಿಗೆ ಪಾಸು ಹೆಣೆಯುತ್ತಾರೆ, ಇನ್ನೇನು ಹಳೆಯ ದಿನಗಳು ಬಂದವೇ ಬಂದವು ಎಂದು ಮಾತಾಡಿಕೊಂಡೆವು. ಹೊಸ ಕೋಚ್ ಬಂದ ವಾರವಿದೆಯಲ್ಲ, ಅಭಿಮಾನಿಯ ಪಾಲಿಗೆ ಅದರಷ್ಟು ಸುಖದ ವಾರ ಇನ್ನೊಂದಿಲ್ಲ. ಇನ್ನೂ ಒಂದು ಪಂದ್ಯವೂ ಆಡಿರುವುದಿಲ್ಲ, ಆದ್ದರಿಂದ ಒಂದನ್ನೂ ಸೋತಿರುವುದಿಲ್ಲ. ಕೋಚನ್ನು ನೇಮಿಸುವುದು ಆಟಗಾರರಿಗಾಗಿ ಎಂದು ಎಲ್ಲರೂ ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆಟಗಾರರಿಗೆ ಸಂಬಳವಿದೆ, ಅವರು ಯಾರ ಕೈಕೆಳಗಾದರೂ ಓಡುತ್ತಾರೆ. ಕೋಚ್ ಬೇಕಾಗಿರುವುದು ಗ್ಯಾಲರಿಗೆ. ನಿರೀಕ್ಷೆ ಇಟ್ಟುಕೊಳ್ಳಲು ಒಂದು ಮುಖ ಬೇಕು, ಆಮೇಲೆ ಬಯ್ಯಲು ಒಂದು ಹೆಸರು ಬೇಕು.

ನ್ಯಾಯವಾಗಿ ನೋಡಿದರೆ ನಡು ಸೀಸನ್ನಿನಲ್ಲಿ ಬಂದ ಕೋಚಿನ ಪಾಡು, ಮದುವೆಯ ಹಿಂದಿನ ರಾತ್ರಿ ಬಂದಿಳಿದ ಅಡುಗೆ ಭಟ್ಟರ ಪಾಡು. ಸಾಮಾನಿನ ಪಟ್ಟಿ ಬರೆದವರು ಇನ್ನೊಬ್ಬರು. ಬೇಳೆ ಅವರು ಆರಿಸಿದ್ದು, ಹುಣಸೆಹಣ್ಣು ಅವರು ತರಿಸಿದ್ದು. ಇವರು ಬಂದು ಒಲೆ ಹೊತ್ತಿಸುವಷ್ಟರಲ್ಲಿ ಬೀಗರು ಎಲೆಯ ಮುಂದೆ ಕೂತಾಗಿದೆ. ಜನವರಿಯ ವರ್ಗಾವಣೆ ಅವಧಿಯಲ್ಲಿ ಒಂದಿಷ್ಟು ಒಗ್ಗರಣೆ ಹಾಕಬಹುದು, ಅಷ್ಟೆ. ವಿದೇಶಿ ಆಟಗಾರರನ್ನು ತರೋಣವೆಂದರೆ ಮೈದಾನದಲ್ಲಿ ಒಮ್ಮೆಗೆ ನಾಲ್ವರಿಗಿಂತ ಹೆಚ್ಚು ಮಂದಿಗೆ ಜಾಗವಿಲ್ಲ. ಇದೆಲ್ಲ ನನಗೆ ಗೊತ್ತು. ಆದರೆ ಸಾರು ಸಪ್ಪೆಯಾದಾಗ ಎಲೆಯ ಮುಂದೆ ಕೂತವನು ಸಾಮಾನಿನ ಪಟ್ಟಿ ಕೇಳುತ್ತಾನೆಯೆ?

ನನ್ನ ಪಕ್ಕದ ಸೀಟಿನ ಹಿರಿಯರಂತೂ ಕೇಳುವವರಲ್ಲ. ಆಸ್ಟಿನ್ ಟೌನ್‌ನವರು, ಒಂದು ಕಾಲದಲ್ಲಿ ಜಿಲ್ಲಾ ಲೀಗ್ ಆಡಿದವರು. ಆ ಕಡೆಯ ಜನ ಹಳೆಯ ಆಟಗಾರರಾದ ಅಹ್ಮದ್ ಖಾನ್, ಕೆಂಪಯ್ಯರ ಹೆಸರನ್ನು ಮನೆಯವರ ಹೆಸರಿನಷ್ಟು ಸಲೀಸಾಗಿ ಎತ್ತುತ್ತಾರೆ. ಎಲ್ಲರೂ ಸ್ಪ್ಯಾನಿಷ್ ಶೈಲಿಯ ಗುಣಗಾನ ಮಾಡುವಾಗ ಈ ಹಿರಿಯರು, "ಬರಿಗಾಲಲ್ಲಿ ಆಡಿ ಒಲಿಂಪಿಕ್ಸಿಗೆ ಹೋದವ್ರು ನಮ್ಮೂರ್ನವ್ರು, ಯಾವ ಸ್ಪೇನ್ ಕಲಿಸ್ತು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಪ್ಯಾಂಟಿನ ಎರಡು ಜೇಬಿನಲ್ಲಿ ಹುರಿದ ಕಡಲೆಕಾಯಿ ತುಂಬಿಕೊಂಡು ಬರುತ್ತಾರೆ. ನಮ್ಮವರ ಒಂದೊಂದು ತಪ್ಪು ಪಾಸಿಗೆ ಒಂದೊಂದು ಕಾಯಿ ಒಡೆಯುವುದು ಅವರ ಪದ್ಧತಿ. ಕ್ವಾದ್ರಾತ್ ಕಾಲದಲ್ಲಿ ಒಂದು ಜೇಬು ಹಾಗೇ ತುಂಬಿಕೊಂಡು ಮನೆಗೆ, ಮೊಮ್ಮಕ್ಕಳ ಕೈಗೆ ಹೋಗುತ್ತಿತ್ತಂತೆ. ಈ ಸೀಸನ್ನಿನಲ್ಲಿ ವಿರಾಮಕ್ಕೆ ಮೊದಲೇ ಎರಡೂ ಜೇಬು ಬರಿದಾಗಿ, ಕಾಲಬುಡದಲ್ಲಿ ಸಿಪ್ಪೆಯ ಗುಡ್ಡೆ ಏಳುತ್ತಿತ್ತು. ಆಟದ ವಿಶ್ಲೇಷಣೆಗೆ ಕಂಪ್ಯೂಟರು ಯಾಕೆ ಬೇಕೋ ನನಗಂತೂ ತಿಳಿಯದು.

ಕಂಠೀರವದಲ್ಲಿ ಮೈದಾನಕ್ಕೂ ಗ್ಯಾಲರಿಗೂ ನಡುವೆ ಓಟದ ಟ್ರ್ಯಾಕ್ ಇದೆ. ಆ ತುದಿಯ ಗೋಲ್‌ಪೋಸ್ಟ್ ಬಳಿ ನಡೆಯುವುದು ಇಲ್ಲಿಂದ ಅರ್ಧ ಕಾಣುತ್ತದೆ, ಉಳಿದರ್ಧವನ್ನು ಅಲ್ಲಿನವರ ಕೂಗಿನಿಂದ ಊಹಿಸಿಕೊಳ್ಳಬೇಕು. ಹೀಗಾಗಿ ಅತ್ತ ನಮ್ಮವರು ದಾಳಿಗೆ ಹೋದಾಗಲೆಲ್ಲ ನಾವು ಎದ್ದು ನಿಂತು ಕಿವಿ ನಿಮಿರಿಸುತ್ತಿದ್ದೆವು. ಬಹುಪಾಲು ಕೇಳಿಸುತ್ತಿದ್ದದ್ದು ಒಟ್ಟಿಗೆ ಬಿಟ್ಟ ಒಂದು ನಿಟ್ಟುಸಿರು. ವೆಸ್ಟ್ ಬ್ಲಾಕ್‌ನ ಹುಡುಗರು ಮಾತ್ರ ಡ್ರಮ್ ನಿಲ್ಲಿಸುತ್ತಿರಲಿಲ್ಲ. ಮೂರು ಗೋಲಿನಿಂದ ಹಿಂದೆ ಬಿದ್ದಾಗಲೂ ಹಾಡುವ ಆ ಗಂಟಲುಗಳಿಗೆ ಕ್ಲಬ್ಬು ಕಷಾಯವನ್ನಾದರೂ ಹಂಚಬೇಕಿತ್ತು.

ಗ್ರೇಸನ್ ಹಿಂದೆ ಮೂವರನ್ನಿಟ್ಟು ಆಡಿಸುತ್ತಿದ್ದರು. ಸರಗೋಸಾ ನಾಲ್ವರನ್ನಿಟ್ಟರು. ಮೂವರ ನಡುವೆ ನುಗ್ಗುತ್ತಿದ್ದ ಚೆಂಡು ನಾಲ್ವರ ನಡುವೆಯೂ ದಾರಿ ಕಂಡುಕೊಂಡಿತು. ನಮ್ಮ ಸಾಲಿನಲ್ಲಿ ದಿನಕ್ಕೊಂದು ಹೊಸ ವ್ಯೂಹ ತಯಾರಾಗುತ್ತಿತ್ತು. ಒಬ್ಬರು ಲೆಫ್ಟ್ ಬ್ಯಾಕನ್ನು ಬದಲಾಯಿಸುತ್ತಿದ್ದರು, ಇನ್ನೊಬ್ಬರು ಹೈ ಪ್ರೆಸ್ ಮಾಡಿಸುತ್ತಿದ್ದರು, ಹಿಂದಿನ ಸಾಲಿನ ಕಾಲೇಜು ಹುಡುಗಿ ಇಡೀ ಮಿಡ್‌ಫೀಲ್ಡನ್ನೇ ಮಾರಿಬಿಡುತ್ತಿದ್ದಳು. ಗೆಲ್ಲುತ್ತಿದ್ದ ವರ್ಷಗಳಲ್ಲಿ ನಮಗೆ ಆಟದ ಗಂಧವೇ ಇರಲಿಲ್ಲ, ಸುಮ್ಮನೆ ಕೂಗುತ್ತಿದ್ದೆವು. ಸೋಲತೊಡಗಿದ ಮೇಲೆ ಒಬ್ಬೊಬ್ಬರೂ ಕೋಚ್ ಲೈಸೆನ್ಸಿಗೆ ಅರ್ಹರಾದೆವು. ಇಷ್ಟೆಲ್ಲ ಪಾಂಡಿತ್ಯದ ಕೊನೆಗೆ, ಗೋಲು ಬೇಕೇ ಬೇಕು ಎನ್ನುವ ಗಳಿಗೆ ಬಂದಾಗ, ಎಲ್ಲರ ಕಣ್ಣೂ ಹನ್ನೊಂದನೇ ನಂಬರಿನ ಅಂಗಿಯನ್ನೇ ಹುಡುಕುತ್ತಿತ್ತು. ಛೆಟ್ರಿಗೆ ಆಗ 39. ಆ ವಯಸ್ಸಿನಲ್ಲಿ ನಮ್ಮ ಸಾಲಿನವರು ಮೆಟ್ರೊ ನಿಲ್ದಾಣದ ಎಸ್ಕಲೇಟರ್ ಕೆಟ್ಟರೆ ಸರ್ಕಾರಕ್ಕೆ ಶಾಪ ಹಾಕುತ್ತೇವೆ.

ನಡುವೆ ಒಂದು ರಾತ್ರಿ ಮಾತ್ರ ದೇವರು ನಮ್ಮ ಕಡೆ ತಿರುಗಿದ. ಮಾರ್ಚ್ 2, ಮತ್ತೆ ಬ್ಲಾಸ್ಟರ್ಸ್, ಈ ಸಲ ನಮ್ಮಂಗಳದಲ್ಲಿ. ಕಬ್ಬನ್ ಪಾರ್ಕ್ ನಿಲ್ದಾಣದಿಂದಲೇ ಹಳದಿ ಅಂಗಿಗಳ ಹೊಳೆ. ಊರು ನಮ್ಮದೋ ಅವರದೋ ಎಂದು ಅನುಮಾನ ಬರುವಷ್ಟು. ಆಟ ಇನ್ನೇನು ಗೋಲಿಲ್ಲದೆ ಮುಗಿಯಿತು ಎನ್ನುವಾಗ, 89ನೇ ನಿಮಿಷದಲ್ಲಿ, ಹಾವಿ ಹೆರ್ನಾಂಡೆಸ್ ಗೋಲು ಹೊಡೆದರು. 1-0. ಪಕ್ಕದ ಹಿರಿಯರು ಬಾಯಲ್ಲಿದ್ದ ಕಡಲೆಯನ್ನು ನುಂಗುವುದೋ ಕೂಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಹೋಗಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. ಬೆನ್ನು ತಟ್ಟಿದ ನನ್ನ ಕೈ ಹಿಡಿದು, "ಈ ಕೋಚ್ ಪರವಾಗಿಲ್ಲ ಕಣಪ್ಪಾ, ಕಸುಬು ಗೊತ್ತಿದೆ" ಎಂದರು. ಒಂದು ಗೋಲಿಗೆ ಸಿಕ್ಕ ಸರ್ಟಿಫಿಕೇಟು. ಅದರ ಅವಧಿ ನಲವತ್ತು ದಿನ.

ಏಪ್ರಿಲ್ 11ರಂದು ಅದು ಮುಗಿಯಿತು. ಯುಗಾದಿ ಕಳೆದು ಎರಡೇ ದಿನ. ಮೋಹನ್ ಬಾಗಾನ್ ಕಂಠೀರವಕ್ಕೆ ಬಂದು ಹೊಡೆದದ್ದು ಎಷ್ಟು? 4-0. ಹಳೆಯ ಕೋಚ್ ಹೋಗಲು ಕಾರಣವಾದ ಅದೇ ಸ್ಕೋರು, ಅದೇ ಮೈದಾನ. ಇದಕ್ಕೆ ಇಷ್ಟೆಲ್ಲ ಖರ್ಚು ಯಾಕೆ ಮಾಡಬೇಕಿತ್ತು ಎಂದು ಹಿರಿಯರು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಇರಲಿ, ಯಾರ ಹೆಗಲ ಮೇಲಾದರೂ ತಲೆಯಿಟ್ಟು ಅಳೋಣವೆಂದರೆ ಅದೇ ಸಂಜೆ ವಾಂಖೆಡೆಯಲ್ಲಿ ಆರ್‌ಸಿಬಿ ಮುಂಬೈ ಕೈಯಲ್ಲಿ ಸೋಲುತ್ತಿತ್ತು. ಮೆಟ್ರೊದಲ್ಲಿ ನೀಲಿ ಅಂಗಿಯ ನಾವು ಜೋಲುಮುಖ ಹಾಕಿಕೊಂಡು ನಿಂತಿದ್ದರೆ ಎದುರಿನ ಕೆಂಪು ಅಂಗಿಯವರು ನಮ್ಮನ್ನು ತಮ್ಮವರೆಂದೇ ತಿಳಿದು, "ಬುಮ್ರಾ ಅಂದ್ರೆ ಬುಮ್ರಾ ಸಾರ್, ಏನ್ ಮಾಡಕ್ಕಾಗುತ್ತೆ" ಎಂದು ಸಮಾಧಾನ ಹೇಳಿದರು. ನಮ್ಮ ಸೋಲಿಗೆ ಅಳಲು ಊರಿನಲ್ಲಿ ಪುರುಸೊತ್ತಿದ್ದವರೇ ಇರಲಿಲ್ಲ. ಮನೆಗೆ ಬಂದರೆ ಅಲ್ಲೂ ಟೀವಿಯಲ್ಲಿ ಕ್ರಿಕೆಟ್ಟಿನ ವಿಶ್ಲೇಷಣೆ. "ನಿಮ್ದೂ ಇತ್ತಾ ಇವತ್ತು?" ಎಂದರು ಮನೆಯವರು, ಅನ್ನದ ಪಾತ್ರೆ ಮುಂದೆ ಸರಿಸುತ್ತ.

ಮರುವರ್ಷದ ಕತೆ ಬೇರೆ. ಅದೇ ಸರಗೋಸಾ ಈ ಸಲ ತಾವೇ ಪಟ್ಟಿ ಬರೆದರು, ತಾವೇ ಸಾಮಾನು ತರಿಸಿದರು. ಹತ್ತರಿಂದ ಮೂರನೇ ಸ್ಥಾನಕ್ಕೆ ಏರಿದೆವು. 2025ರ ಮಾರ್ಚಿನ ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯೇ ಕಂಠೀರವಕ್ಕೆ ಬಂತು, ಐದು ಗೋಲು ತಿಂದು ಹೋಯಿತು. ಸೆಮಿಫೈನಲ್‌ನಲ್ಲಿ ಗೋವಾವನ್ನು ದಾಟಿದೆವು. ಏಪ್ರಿಲ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಫೈನಲ್, ಎದುರಿಗೆ ಮೋಹನ್ ಬಾಗಾನ್. ಮೊದಲ ಗೋಲು ನಮ್ಮದು. ಆಮೇಲೆ ಅವರದೊಂದು. ಹೆಚ್ಚುವರಿ ಅವಧಿಯಲ್ಲಿ ಇನ್ನೊಂದು. 2-1.

ಆ ರಾತ್ರಿ ಹಿರಿಯರು ಫೋನ್ ಮಾಡಿದರು. ಕಡಲೆಕಾಯಿ ಒಡೆಯುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಹತ್ತನೇ ಸ್ಥಾನದಲ್ಲಿದ್ದ ತಂಡವನ್ನು ಒಂದೇ ವರ್ಷದಲ್ಲಿ ಫೈನಲ್‌ಗೆ ತಂದವರ ಬಗ್ಗೆ ಎರಡು ಒಳ್ಳೆಯ ಮಾತು ಬಂದೀತೆಂದು ನಾನು ಕಾದೆ.

"ಇವ್ನಿಂದ ಆಗಲ್ಲ ಕಣಪ್ಪಾ, ಕೋಚ್ ಬದಲಾಯಿಸ್ಬೇಕು" ಎಂದರು.

"ಯಾರನ್ನ ತರೋಣ ಸಾರ್?"

ಒಂದು ಕಾಯಿ ಒಡೆದು, ನಿಧಾನವಾಗಿ ಅಗಿದು, ಕೇಳಿದರು: "ಆ ಗ್ರೇಸನ್ ಈಗೆಲ್ಲಿದ್ದಾನೆ, ಏನಾದ್ರೂ ಗೊತ್ತಾ?"