ಜೋಡಿ ಕಾರ್ಡು, ಬಿಡಿ ಟಿಕೆಟ್ಟು

ಇಂಗ್ಲೆಂಡ್ ನೋಡಲು ಹೊರಟ ನಮ್ಮವರ ತಯಾರಿ ನೋಡಬೇಕು. ಚಟ್ನಿಪುಡಿಯ ಪೊಟ್ಟಣಕ್ಕೆ ಎರಡು ಕವರ್, ಸ್ವೆಟರಿಗೊಂದು ಸೂಟ್‌ಕೇಸು, ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ಎದುರು ಯಾವ ಸೀರೆಯಲ್ಲಿ ಫೋಟೋ ಎಂಬುದೂ ತೀರ್ಮಾನವಾಗಿರುತ್ತದೆ. ರೈಲಿನ ಮಾತೆತ್ತಿ ನೋಡಿ, ‘ಅಲ್ಲಿ ಹೋಗಿ ಕೌಂಟರಿನಲ್ಲಿ ತಗೊಂಡರಾಯ್ತು ಬಿಡ್ರೀ’ ಎಂಬ ಉತ್ತರ. ಕೌಂಟರಿನಲ್ಲಿ ಕೊಡುತ್ತಾರೆ, ಕೊಡುವುದಿಲ್ಲ ಅಂತಲ್ಲ. ಎಷ್ಟಕ್ಕೆ ಎಂಬುದಷ್ಟೇ ಪ್ರಶ್ನೆ.

ಲಂಡನ್ನಿನಿಂದ ಯಾರ್ಕಿಗೆ ಟಿಕೆಟ್ ಎಷ್ಟು ಎಂದು ಕೇಳಿ. ಯಾವತ್ತು ಹೊರಡುತ್ತೀರಿ, ಎಷ್ಟು ಗಂಟೆಗೆ, ಅದೇ ರೈಲೋ ಯಾವುದಾದರೂ ನಡೆಯುತ್ತದೋ, ವಯಸ್ಸೆಷ್ಟು, ಜೊತೆಗೆ ಯಾರು, ಮಕ್ಕಳಿದ್ದಾರೆಯೇ ಎಂದು ಹೆಣ್ಣು ಕೇಳಲು ಬಂದವರು ಜಾತಕ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ. ಒಂದೇ ಬೋಗಿಯಲ್ಲಿ ಅಕ್ಕಪಕ್ಕ ಕೂತ ನಾಲ್ವರು ನಾಲ್ಕು ದರ ಕೊಟ್ಟಿರುತ್ತಾರೆ. ಹೆಚ್ಚು ಕೊಟ್ಟವರು ಯಾರೆಂದು ಕೇಳಬೇಕಾಗಿಲ್ಲ, ಈಗ ತಾನೇ ಕೌಂಟರಿನಿಂದ ಓಡಿಬಂದವರು!

ಟಿಕೆಟ್ಟಿನ ಜಾತಿಗಳು ಮುಖ್ಯವಾಗಿ ಮೂರು. ಅಡ್ವಾನ್ಸ್ ಎಂದರೆ ಅಗ್ಗ, ಆದರೆ ಆ ದಿನದ ಆ ರೈಲಿಗೇ ಕಟ್ಟುಬಿದ್ದದ್ದು. ಸಾಮಾನ್ಯವಾಗಿ ಹನ್ನೆರಡು ವಾರ ಮುಂಚೆ ಮಾರಾಟಕ್ಕೆ ಬರುತ್ತದೆ. ಆಫ್-ಪೀಕ್ ಎಂದರೆ ಆಫೀಸಿನವರ ನೂಕುನುಗ್ಗಲು ಬಿಟ್ಟು ಉಳಿದ ಹೊತ್ತಿನಲ್ಲಿ ಯಾವ ರೈಲಾದರೂ ಸರಿ. ಶನಿವಾರ, ಭಾನುವಾರಗಳಲ್ಲಂತೂ ಬಹುತೇಕ ಇಡೀ ದಿನ ನಿಮ್ಮದೇ. ಎನಿಟೈಮ್ ಎಂದರೆ ಹೊತ್ತುಗೊತ್ತಿನ ಹಂಗಿಲ್ಲ. ಅದರ ಬೆಲೆ ಕೇಳಿದರೆ ಮನೆಯಲ್ಲೇ ಇರೋಣ ಅನ್ನಿಸುತ್ತದೆ. ಕಂಪನಿ ಖರ್ಚಿನಲ್ಲಿ ಓಡಾಡುವವರಿಗೆ ಬಿಟ್ಟುಕೊಡಿ.

ಹಾಗಾದರೆ ಅಡ್ವಾನ್ಸೇ ವಾಸಿ ಎಂದು ಲೆಕ್ಕದವರು ಹೇಳುತ್ತಾರೆ. ಅವರು ನಮ್ಮ ಮನೆಗಳನ್ನು ನೋಡಿಲ್ಲ. ಒಂಬತ್ತೂವರೆ ರೈಲಿಗೆ ಏಳಕ್ಕೇ ಸ್ಟೇಷನ್ನಿನಲ್ಲಿ ಕೂರಿಸುವ ಯಜಮಾನರಿದ್ದರೆ ಚಿಂತೆಯಿಲ್ಲ, ಅಡ್ವಾನ್ಸ್ ಕೊಳ್ಳಿ. ಬಾಗಿಲಿಗೆ ಬೀಗ ಹಾಕಿ, ಮತ್ತೆ ತೆಗೆದು, ಗ್ಯಾಸ್ ಆರಿಸಿದ್ದೇವಾ ನೋಡಿಬರುವ ಸಂಸಾರಕ್ಕೆ ಅದು ಒಗ್ಗದು. ಆ ರೈಲು ತಪ್ಪಿತೋ, ಟಿಕೆಟ್ ಬರೀ ಕಾಗದ, ಇನ್ನೊಂದು ಕೊಳ್ಳಬೇಕು. ದಾರಿಯಲ್ಲಿ ಚೆಂದದ ಊರು ಕಂಡಿತೆಂದು ಮಧ್ಯೆ ಇಳಿಯುವಂತೆಯೂ ಇಲ್ಲ. ಯಾರ್ಕಿಗೋ, ವಿಂಡರ್‌ಮಿಯರ್ ಸರೋವರದ ಕಡೆಗೋ ದೂರ ಹೋಗುವಾಗ ಉಳಿತಾಯ ದೊಡ್ಡದು, ಅಲ್ಲಿ ಮನಸ್ಸು ಗಟ್ಟಿ ಮಾಡಿ. ಆಕ್ಸ್‌ಫರ್ಡ್, ವಿಂಡ್ಸರ್‌ನಂಥ ಹೋಗಿಬರುವ ಊರುಗಳಿಗೆ ನನ್ನ ಮತ ಆಫ್-ಪೀಕ್‌ಗೆ. ಎಷ್ಟೋ ಮಾರ್ಗಗಳಲ್ಲಿ ಅದೇ ದಿನ ಹೋಗಿಬರುವ ಟಿಕೆಟ್ಟು ಬರೀ ಹೋಗುವ ಟಿಕೆಟ್ಟಿಗಿಂತ ಒಂದು ಪೌಂಡಿನಷ್ಟೇ ಜಾಸ್ತಿ. ಯಾಕೆ ಹೀಗೆ ಎಂದು ಇಂಗ್ಲಿಷರನ್ನು ಕೇಳಬೇಡಿ, ಅವರಿಗೇ ನಗು ಬರುತ್ತದೆ. ಎಲ್‌ಎನ್‌ಇಆರ್ ಕಂಪನಿ 2023ರಲ್ಲಿ ತನ್ನ ಮಾರ್ಗಗಳಲ್ಲಿ ಹೆಚ್ಚುಕಮ್ಮಿ ರಿಟರ್ನನ್ನೇ ಕೈಬಿಟ್ಟು, ಹೋಗುವುದಕ್ಕೊಂದು, ಬರುವುದಕ್ಕೊಂದು ಎಂದು ಬಿಡಿಬಿಡಿಯಾಗಿ ಮಾರತೊಡಗಿತು.

ಈಗ ಕಾರ್ಡಿಗೆ ಬನ್ನಿ, ಸ್ವಾರಸ್ಯ ಇರುವುದೇ ಇಲ್ಲಿ. ರೈಲ್‌ಕಾರ್ಡ್ ಎಂದರೆ ವರ್ಷವಿಡೀ ಮೂರನೇ ಒಂದು ಪಾಲು ರಿಯಾಯಿತಿ. ಅಲ್ಲಿನ ನಿವಾಸಿಯೇ ಆಗಿರಬೇಕೆಂದಿಲ್ಲ, ಪ್ರವಾಸಿಗೂ ಕೊಡುತ್ತಾರೆ. 2025ರ ಮಾರ್ಚ್‌ನಿಂದ ಬಹುತೇಕ ಕಾರ್ಡುಗಳ ಬೆಲೆ 35 ಪೌಂಡ್, ಅಂದರೆ 105 ಪೌಂಡಿನ ಟಿಕೆಟ್ ಕೊಳ್ಳುವಷ್ಟರಲ್ಲಿ ಅಸಲು ಬಂತು, ಆಮೇಲಿನದೆಲ್ಲ ಲಾಭ. ಅರವತ್ತು ದಾಟಿದವರಿಗೆ ಸೀನಿಯರ್ ಕಾರ್ಡು. ನಮ್ಮ ರೈಲ್ವೆ 2020ರ ಮಾರ್ಚ್‌ನಲ್ಲಿ ಹಿರಿಯರ ರಿಯಾಯಿತಿಯನ್ನು ನಿಲ್ಲಿಸಿದ್ದು ಎಲ್ಲ ತಾತಂದಿರಿಗೂ ನೆನಪಿದೆ. ಮೈಸೂರಿಗೆ ಪೂರ್ತಿ ದುಡ್ಡು ಕೊಟ್ಟು ಹೋಗುವವರು ಬಾತ್‌ಗೆ ಮೂರನೇ ಒಂದು ಪಾಲು ಬಿಡಿಸಿಕೊಂಡು ಹೋಗಬಹುದು. ಪಾಸ್‌ಪೋರ್ಟ್ ತೋರಿಸಿದರೆ ವಯಸ್ಸಿಗೆ ಅದೇ ಪುರಾವೆ.

ಆದರೆ ಇಬ್ಬರಿಗೂ ಸೀನಿಯರ್ ಬೇಕೆಂದರೆ ಎರಡು ಕಾರ್ಡು, 70 ಪೌಂಡ್. ಟೂ ಟುಗೆದರ್ ಎಂಬ ಜೋಡಿ ಕಾರ್ಡು ಇಬ್ಬರಿಗೂ ಸೇರಿ 35ಕ್ಕೇ ಮುಗಿಯುತ್ತದೆ. ಇಬ್ಬರ ಹೆಸರು, ಇಬ್ಬರ ಫೋಟೋ, ಒಂದೇ ಕಾರ್ಡು. ಮುಖ್ಯ ಷರತ್ತು: ಪ್ರಯಾಣದುದ್ದಕ್ಕೂ ಇಬ್ಬರೂ ಜೊತೆಗಿರಬೇಕು. ಬೆಳಿಗ್ಗೆ ಕಾಫಿಗೆ ಜಗಳವಾಡಿ ‘ನೀವು ಹೋಗಿ, ನಾ ಬರಲ್ಲ’ ಎಂದರೆ ಅವತ್ತಿನ ರಿಯಾಯಿತಿ ಹೋಯಿತು. ಸೋಮವಾರದಿಂದ ಶುಕ್ರವಾರದವರೆಗೆ ಒಂಬತ್ತೂವರೆಗೆ ಮೊದಲು ಈ ಕಾರ್ಡು ನಡೆಯುವುದಿಲ್ಲ. ರಾಜಿಯಾಗಲು ಅಷ್ಟು ಹೊತ್ತು ಕೊಟ್ಟಿದ್ದಾರೆ ಅಂದುಕೊಳ್ಳಿ. ಗಂಡಹೆಂಡತಿಯೇ ಆಗಬೇಕೆಂದಿಲ್ಲ, ಹದಿನಾರು ದಾಟಿದ ಯಾರಿಬ್ಬರಾದರೂ ಸರಿ. ಅತ್ತೆಸೊಸೆ ಕೊಂಡ ಉದಾಹರಣೆ ನನ್ನ ಕಿವಿಗಿನ್ನೂ ಬಿದ್ದಿಲ್ಲ.

ಫ್ಯಾಮಿಲಿ ಅಂಡ್ ಫ್ರೆಂಡ್ಸ್ ಕಾರ್ಡಿನಲ್ಲಿ ಯಜಮಾನಿಕೆ ಮಕ್ಕಳದು. ನಾಲ್ವರು ದೊಡ್ಡವರಿಗೆ ಮೂರನೇ ಒಂದು ಪಾಲು, ಐದರಿಂದ ಹದಿನೈದರ ನಾಲ್ಕು ಮಕ್ಕಳಿಗೆ ಶೇಕಡ 60 ರಿಯಾಯಿತಿ. ಜೊತೆಗೆ ಮಗು ಇಲ್ಲದಿದ್ದರೆ ದೊಡ್ಡವರಿಗೆ ಕಾಸೂ ಇಲ್ಲ. ಐದು ತುಂಬದ ಮಗುವಿಗೆ ಟಿಕೆಟ್ಟೇ ಬೇಡ. ಆದರೂ ಅಂಥ ಮಗು ಮಾತ್ರ ಇರುವ ಮನೆಯವರು ಮಗುವಿಗೊಂದು ಟಿಕೆಟ್ ಕೊಂಡು, ಅದರ ಹೆಸರಿನಲ್ಲಿ ತಾತ, ಅಜ್ಜಿ, ಅಪ್ಪ, ಅಮ್ಮ ಎಲ್ಲರೂ ರಿಯಾಯಿತಿ ಪಡೆಯುತ್ತಾರೆ. ಇದು ಕಳ್ಳದಾರಿಯಲ್ಲ, ನಿಯಮವೇ ಒಪ್ಪಿದ ದಾರಿ. ಮೊಮ್ಮಗ ಹುಟ್ಟಿದ್ದು ಸಾರ್ಥಕ!

ಬ್ರಿಟ್‌ರೈಲ್ ಪಾಸ್ ವಿದೇಶಿಯರಿಗೆಂದೇ ಇರುವುದು. ದಿನಕ್ಕೊಂದು ದೂರದ ಊರು ಸುತ್ತುವ ಹುರುಪಿನವರಿಗೆ ಸರಿ. ಮಗಳ ಮನೆಯಲ್ಲಿ ಮೂರು ದಿನ ದೋಸೆ ತಿಂದು ನಾಲ್ಕನೇ ದಿನ ಹೊರಡುವವರಿಗೆ ದಂಡ.

ಟಿಕೆಟ್ ಒಡೆಯುವ ವಿದ್ಯೆಯೂ ಉಂಟು. ಬ್ರಿಸ್ಟಲ್‌ನಿಂದ ಲಂಡನ್ನಿಗೆ ಒಂದೇ ಟಿಕೆಟ್ ತೆಗೆಯುವ ಬದಲು ಡಿಡ್‌ಕಾಟ್‌ವರೆಗೆ ಒಂದು, ಅಲ್ಲಿಂದ ಇನ್ನೊಂದು ತೆಗೆದರೆ ಎಷ್ಟೋ ಸಲ ಅಗ್ಗ. ಇಳಿದು ಹತ್ತಬೇಕಿಲ್ಲ, ನಿಮ್ಮ ರೈಲು ಅಲ್ಲಿ ನಿಲ್ಲಬೇಕು, ಅಷ್ಟೇ. ಪೂರ್ತಿ ಕಾನೂನುಬದ್ಧ. ಒಡೆದು ಕೊಡುವ ಆ್ಯಪ್‌ಗಳೂ ಇವೆ, ಆದರೆ ಹೊರಗಿನ ಆ್ಯಪ್‌ಗಳಲ್ಲಿ ಬುಕಿಂಗ್ ಶುಲ್ಕ ಇದೆಯೇ ನೋಡಿಕೊಳ್ಳಿ. ರೈಲು ಕಂಪನಿಗಳ ಸ್ವಂತ ಆ್ಯಪ್‌ಗಳಲ್ಲಿ ಅದಿಲ್ಲ.

ಮೆಷಿನ್ನಿನಿಂದ ಕಾಗದದ ಟಿಕೆಟ್ ತೆಗೆಯುವವರು ಹುಷಾರು. ಕಿತ್ತಳೆ ಪಟ್ಟಿಯ ರಟ್ಟಿನ ಚೀಟಿಗಳು ಒಂದರ ಮೇಲೊಂದು ಉದುರುತ್ತವೆ: ಹೋಗುವುದು, ಬರುವುದು, ಸೀಟಿನದು, ದುಡ್ಡು ಕೊಟ್ಟ ರಸೀದಿ. ಎಲ್ಲದರ ಅಳತೆ, ಬಣ್ಣ ಒಂದೇ. ಗೇಟಿಗೆ ರಸೀದಿ ತುರುಕಿ, ಅದು ಬಾಯಿಬಿಡದೆ ನಿಂತು, ಹಿಂದೆ ಇಪ್ಪತ್ತು ಜನ ನಿಟ್ಟುಸಿರು ಬಿಡುವುದು ಲಂಡನ್ನಿನ ದಿನನಿತ್ಯದ ದೃಶ್ಯ. ಯೂಸ್ಟನ್ ಸ್ಟೇಷನ್ನಿನಲ್ಲಿ ಇನ್ನೊಂದು ಬಗೆ. ಎಲ್ಲರೂ ಕತ್ತೆತ್ತಿ ಬೋರ್ಡು ನೋಡುತ್ತಿರುತ್ತಾರೆ, ಹೊರಡಲು ಕೆಲವೇ ನಿಮಿಷ ಇರುವಾಗ ಪ್ಲಾಟ್‌ಫಾರ್ಮ್ ನಂಬರ್ ಬೀಳುತ್ತದೆ, ಇಡೀ ಜನಸಾಗರ ಒಂದೇ ಕಡೆ ಓಟ. ವೇಟಿಂಗ್ ಲಿಸ್ಟ್ ಇಲ್ಲ, ಚಾರ್ಟ್ ಇಲ್ಲ. ಟಿಕೆಟ್ ಇದೆಯೆಂದು ಸೀಟೂ ಇದೆ ಅಂದುಕೊಳ್ಳಬಾರದು. ಕಾದಿರಿಸದಿದ್ದರೆ ಮ್ಯಾಂಚೆಸ್ಟರ್‌ವರೆಗೂ ನಿಂತೇ ಹೋಗಬಹುದು.

ಲಂಡನ್ನಿನೊಳಗೆ ಆಯ್ಸ್ಟರ್ ಕಾರ್ಡು ಸಾಕು. ಸೀನಿಯರ್ ಕಾರ್ಡನ್ನು ಸ್ಟೇಷನ್ ಸಿಬ್ಬಂದಿ ಅದಕ್ಕೆ ಜೋಡಿಸಿಕೊಡುತ್ತಾರೆ, ಜೋಡಿ ಕಾರ್ಡನ್ನು ಮಾತ್ರ ಜೋಡಿಸಲಾಗದು. ರೈಲು ತಡವಾದರೆ ಡಿಲೇ ರಿಪೇ ಎಂದು ದುಡ್ಡು ವಾಪಸ್ ಕೊಡುತ್ತಾರೆ, ಬಿಡದೆ ಅರ್ಜಿ ಹಾಕಿ.

ಡಿಸೆಂಬರ್ ಪ್ರವಾಸದವರಿಗೆ ಒಂದು ಮಾತು. ಕ್ರಿಸ್‌ಮಸ್ ದಿನ ಸಂಭ್ರಮ ನೋಡಲು ಊರೂರು ಸುತ್ತೋಣ ಎಂದು ಲೆಕ್ಕ ಹಾಕಿದ್ದರೆ ಕೈಬಿಡಿ. ಅಂದು ಅಲ್ಲಿ ರೈಲೇ ಓಡುವುದಿಲ್ಲ.