ನಾಲ್ಕು ತಾಲ್ಲೂಕಿನ ಆಫೀಸು

2020ರ ಲಾಕ್‌ಡೌನಿನಲ್ಲಿ ಊರು ಸೇರಿದ ನಮ್ಮ ಸ್ಟಾರ್ಟಪ್ಪಿನ ಹುಡುಗರು ಬೆಂಗಳೂರಿಗೆ ಮರಳಲೇ ಇಲ್ಲ. ಈಗ ಬೆಳಗಿನ ಮೀಟಿಂಗೆಂದರೆ ದಾವಣಗೆರೆ ಜಿಲ್ಲಾ ಪಂಚಾಯ್ತಿ ಸಭೆ. ಚನ್ನಗಿರಿಯವನು ಮೈಕ್ ಆನ್ ಮಾಡಿದರೆ ಮೊದಲು ಮಾತಾಡುವುದು ಅಡಿಕೆ ಸುಲಿಯುವ ಮಷೀನು. "ಕೆಲಸ ಎಲ್ಲಿಗೆ ಬಂತಪ್ಪಾ?" ಅಂದರೆ, "ಬೇಯಾಕ ಇಟ್ಟೀನಿ ಸರ್" ಅಂದ. ಯಾವುದನ್ನು ಅಂತ ನಾನು ಕೇಳಲಿಲ್ಲ. ರಾಶಿ ಅಡಿಕೆಯ ಧಾರಣೆ ಏರಿದ ದಿನ ಅವನೆದುರು ಸಂಬಳದ ಮಾತೆತ್ತಲು ನನಗೇ ನಾಚಿಕೆ. ಹೊನ್ನಾಳಿಯವಳು ಮಳೆಗಾಲದಲ್ಲಿ ತುಂಗಭದ್ರೆಯ ನೀರಿನ ಮಟ್ಟ ಸೇರಿಸಿಯೇ ವರದಿ ಕೊಡುತ್ತಾಳೆ. ನ್ಯಾಮತಿಯವನಿಗೆ ಅವಳ ಟೀಮ್ ಬೇಡವಂತೆ: "ತಾಲ್ಲೂಕೇ ಬ್ಯಾರೆ ಆಗೈತಲ್ಲ ಸರ್!" ಜಗಳೂರಿನವನದು ಸದಾ ಕರೆಂಟಿನ ತಕರಾರು. ಕಂಪನಿ ಕೊಡಿಸಿದ ಯುಪಿಎಸ್ ಅವರವ್ವನ ಧಾರಾವಾಹಿಗೆ ಮೀಸಲು. ಗದರಲೆಂದು ಫೋನಾಯಿಸಿದರೆ ಅವ್ವನೇ ಎತ್ತಿದರು: "ಊಟ ಆತೇನಪ್ಪಾ?" ಆತವ್ವಾ ಅಂದು ಇಟ್ಟೆ.